ಮೇವಿನ ನೆಲದ ಮೇಲೆ ಮೋಟಾರು ಆಟ: ಕಾಸು ಯಾರಿಗೆ, ಸವೆತ ಯಾರಿಗೆ?

ರಸ್ತೆ ಬಿಟ್ಟು ಗುಡ್ಡ, ಮರಳು, ಹುಲ್ಲುಗಾವಲಿನ ಮೇಲೆ ಬೈಕು, ಜೀಪು ಓಡಿಸುವುದು ಈಗ ಒಂದು ಆಟ. ಅಮೆರಿಕದಲ್ಲಿ ಇದು ಶುರುವಾಗಿ ಅರವತ್ತು ವರ್ಷದ ಮೇಲಾಯಿತು. ಅಲ್ಲಿ ಅದಕ್ಕೆ ಕಾಯ್ದೆ ಇದೆ, ಶುಲ್ಕ ಇದೆ, ಕೋರ್ಟು ಕಚೇರಿ ಅಲೆದಾಟವೂ ಇದೆ. ನಮ್ಮಲ್ಲಿ ಈಚೆಗೆ ಬಂದಿದೆ. ಕೊಡಗಿನ ಮಾಂದಲಪಟ್ಟಿಗೆ ಪ್ರವಾಸಿಗಳನ್ನು ಹೊತ್ತ ಜೀಪುಗಳು ಹತ್ತುವುದು ಎಲ್ಲರಿಗೂ ಗೊತ್ತು. ಬಯಲುಸೀಮೆಯ ಗುಡ್ಡ, ಕೆರೆ ಅಂಗಳಗಳಲ್ಲೂ ಭಾನುವಾರ ಬಂತೆಂದರೆ ಬೈಕುಗಳ ಸದ್ದು ಕೇಳುತ್ತದೆ.

ಅಮೆರಿಕದವರ ಆಟ ಕಟ್ಟಿಕೊಂಡು ನಮಗೇನು ಅಂತ ಕೇಳಬಹುದು. ಅಲ್ಲಿ ಈ ಆಟ ನಡೆಯುವ ನೆಲದಲ್ಲಿ ಬಹುಪಾಲು ಸರ್ಕಾರದ್ದು, ಅಂದರೆ ಎಲ್ಲರದ್ದು. ನಮ್ಮ ಗೋಮಾಳ ಇದ್ದ ಹಾಗೆ. ಎಲ್ಲರ ನೆಲದಲ್ಲಿ ಕೆಲವರ ಆಟಕ್ಕೆ ಸವೆದ ಮಣ್ಣಿನ ಲೆಕ್ಕ ಯಾರು ಕೊಡಬೇಕು? ಈ ಪ್ರಶ್ನೆಯ ಮೇಲೆ ಅವರು ಐವತ್ತು ವರ್ಷ ಜಗಳ ಆಡಿದ್ದಾರೆ. ಅದರಿಂದ ಏನು ತಿಳಿಯಿತು ಅಂತ ನೋಡಿಕೊಂಡರೆ ನಮಗೆ ಅಷ್ಟು ಜಗಳ ಉಳಿಯುತ್ತದೆ.

ಚಕ್ರ ನೆಲಕ್ಕೆ ಏನು ಮಾಡುತ್ತದೆ

ಮಳೆ ಬಿದ್ದ ಮಾರನೇ ದಿನ ಹಸಿ ಹೊಲದಲ್ಲಿ ಗಾಡಿ ಹೊಡೆಯಬಾರದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಡೆದರೆ ಆ ಜಾಡಿನಲ್ಲಿ ಬೆಳೆ ಏಳುವುದಿಲ್ಲ. ಚಕ್ರದ ಭಾರಕ್ಕೆ ಮಣ್ಣಿನೊಳಗಿನ ಸಂದುಗಳು ಮುಚ್ಚುತ್ತವೆ. ನೀರು ಇಂಗದೆ ಜಾಡು ಹಿಡಿದು ಹರಿಯುತ್ತದೆ. ಬೈಕಿನವರಿಗೆ ಗುಡ್ಡ ನೆಟ್ಟಗೆ ಹತ್ತುವುದೇ ಖುಷಿ. ಇಳಿಜಾರಿಗೆ ನೇರವಾಗಿ ಉತ್ತ ಹೊಲ ಏನಾಗುತ್ತದೋ ಆ ಜಾಡೂ ಅದೇ ಆಗುತ್ತದೆ. ಮೊದಲ ವರ್ಷ ಗೀರು, ಆಮೇಲೆ ಕೊರಕಲು, ಆಮೇಲೆ ಹಳ್ಳ.

ಮಳೆ ಕಡಿಮೆ ಇರುವ ಸೀಮೆಯಲ್ಲಿ ಈ ಗಾಯ ಮಾಯುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಜನರಲ್ ಪ್ಯಾಟನ್ ಎಂಬ ಸೇನಾಧಿಕಾರಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸೈನಿಕರಿಗೆ ಟ್ಯಾಂಕು ಓಡಿಸುವ ತರಬೇತಿ ಶುರು ಮಾಡಿದ. 1944ಕ್ಕೆ ಅದು ಮುಚ್ಚಿತು. ಎಂಬತ್ತು ವರ್ಷ ಕಳೆದರೂ ಆ ಟ್ಯಾಂಕುಗಳ ಜಾಡು ಇವತ್ತಿಗೂ ಕಾಣುತ್ತದೆ. ಅಲ್ಲಿಯ ಮಣ್ಣಿನ ಮೇಲೆ ಪಾಚಿ, ಕಲ್ಲುಹೂವು ಸೇರಿ ಕಟ್ಟಿದ ತೆಳು ಪದರ ಇರುತ್ತದೆ. ಗಾಳಿಗೆ ಮಣ್ಣು ಹಾರದಂತೆ ಹಿಡಿದಿರುವುದು ಅದೇ. ಚಕ್ರ ಹಾಯ್ದರೆ ಆ ಪದರ ಪುಡಿ. ಮತ್ತೆ ಕಟ್ಟಿಕೊಳ್ಳಲು ಬಹಳ ವರ್ಷ ಬೇಕು.

ಮೊದಲು ಗುರುತು, ಆಮೇಲೆ ಕಾಸು

ಅಮೆರಿಕದಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಒಂದು ಕೇಂದ್ರ ಇಲಾಖೆಯ ಕೈಯಲ್ಲೇ ಸುಮಾರು 24 ಕೋಟಿ 50 ಲಕ್ಷ ಎಕರೆ ಇದೆ. ಬಹುಪಾಲು ಪಶ್ಚಿಮದ ಒಣ ಸೀಮೆ. 1960ರ ದಶಕದಲ್ಲಿ ಅಗ್ಗದ ಬೈಕುಗಳು ಬಂದ ಮೇಲೆ ಜನ ಕಂಡಕಂಡಲ್ಲಿ ನುಗ್ಗಿದರು. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಸರ್ಕಾರಿ ನೆಲದಲ್ಲಿ ಎಲ್ಲಿ ವಾಹನ ಓಡಿಸಬಹುದು, ಎಲ್ಲಿ ಓಡಿಸಬಾರದು ಅಂತ ಇಲಾಖೆಗಳು ಗುರುತು ಮಾಡಲೇಬೇಕು ಎಂಬುದು ಅದರ ತಿರುಳು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದಕ್ಕೆ ಇನ್ನೊಂದು ಮಾತು ಸೇರಿಸಿದರು: ಮಣ್ಣು, ಗಿಡ, ಪ್ರಾಣಿಗಳಿಗೆ ಹೆಚ್ಚು ಹಾನಿ ಆಗುತ್ತಿದೆ ಅಂತ ಕಂಡರೆ ಆ ಜಾಗವನ್ನು ಕೂಡಲೇ ಮುಚ್ಚಬೇಕು.

ಕಾಸಿನ ಏರ್ಪಾಟು ಮಾಡಿದ್ದು ಕ್ಯಾಲಿಫೋರ್ನಿಯಾ ರಾಜ್ಯ. 1971ರಲ್ಲಿ ಅಲ್ಲಿ ಇದಕ್ಕೇ ಬೇರೆ ಕಾಯ್ದೆ ಆಯಿತು. ರಸ್ತೆಗೆ ಇಳಿಯದ ಇಂಥ ವಾಹನಗಳೂ ನೋಂದಣಿ ಆಗಬೇಕು, ಹಸಿರು ಚೀಟಿ ಅಂಟಿಸಿಕೊಳ್ಳಬೇಕು. 2008ರಿಂದ ಈ ಚೀಟಿಗೆ ಎರಡು ವರ್ಷಕ್ಕೆ ಸುಮಾರು 50 ಡಾಲರ್ ಆಯಿತು. ನಮ್ಮ ಲೆಕ್ಕಕ್ಕೆ ನಾಲ್ಕು ಸಾವಿರ ರೂಪಾಯಿ ಮೇಲೆ. ಜೊತೆಗೆ ಪೆಟ್ರೋಲ್ ತೆರಿಗೆಯಲ್ಲಿ ಒಂದು ಪಾಲು ಇದೇ ನಿಧಿಗೆ ಸೇರುತ್ತದೆ. ರಾಜ್ಯವೇ ಈ ಆಟಕ್ಕೆಂದು ಹಾಲಿಸ್ಟರ್ ಹಿಲ್ಸ್, ಓಸಿಯಾನೋ ಡ್ಯೂನ್ಸ್ ಮುಂತಾದ ಜಾಗಗಳನ್ನು ನಡೆಸುತ್ತದೆ. ಅಲ್ಲಿ ಒಳಗೆ ಹೋಗಲು ಬೇರೆ ಟಿಕೇಟು.

ನೂರು ರೂಪಾಯಿಯ ಲೆಕ್ಕ

ಕಾಸು ಎತ್ತುವುದು ದೊಡ್ಡ ಮಾತಲ್ಲ. ಎತ್ತಿದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಮಾತು. ಈ ನಿಧಿಯಿಂದ ಊರು, ಜಿಲ್ಲೆ, ಅರಣ್ಯ ಇಲಾಖೆಗಳಿಗೆ ಕೊಡುವ ಅನುದಾನ ಹೇಗೆ ಹಂಚಬೇಕು ಅಂತ 2007ರ ಕಾಯ್ದೆ ಬರೆದಿಟ್ಟಿತು. ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. 50 ರೂಪಾಯಿ ಜಾಡುಗಳ ನಿರ್ವಹಣೆಗೆ, 25 ಕೆಟ್ಟ ನೆಲ ಸರಿಪಡಿಸಲು, 20 ಕಾವಲು ಮತ್ತು ಕಾನೂನು ಪಾಲನೆಗೆ, 5 ತಿಳುವಳಿಕೆ ಮತ್ತು ಸುರಕ್ಷತೆಗೆ. ನನಗೆ ಮೆಚ್ಚಿಗೆ ಆಗಿದ್ದು ಆ 25 ರೂಪಾಯಿ. ಕೆಡಿಸಿದ್ದನ್ನು ಸರಿಪಡಿಸುವ ಕೂಲಿ ಕೆಡಿಸಿದವರ ಜೇಬಿನಿಂದಲೇ ಬರಬೇಕು ಅಂತ ಕಾಯ್ದೆಯೇ ಹೇಳಿದೆ.

ಇನ್ನೊಂದು ಕಟ್ಟುಪಾಡೂ ಇದೆ. ರಾಜ್ಯ ನಡೆಸುವ ಜಾಗಗಳಲ್ಲಿ ಮಣ್ಣಿನ ಸವೆತಕ್ಕೆ ಒಂದು ಮಿತಿ ಇಟ್ಟಿದ್ದಾರೆ. ಯಾವ ಭಾಗದಲ್ಲಿ ಅದು ಮೀರುತ್ತದೋ ಆ ಭಾಗ ಸರಿಯಾಗುವವರೆಗೆ ಬಂದ್. ಹಾಲಿಸ್ಟರ್ ಹಿಲ್ಸ್‌ನಲ್ಲಿ ಮಳೆಗೆ ಮಣ್ಣು ಹಸಿಯಾದರೆ ಜಾಡುಗಳನ್ನು ಮುಚ್ಚುತ್ತಾರೆ.

ಎಲ್ಲಾ ಸುಸೂತ್ರ ನಡೆಯಿತು ಅಂತಲ್ಲ. 2008ರ ನಂತರ ರಾಜ್ಯದ ಬೊಕ್ಕಸ ಬರಿದಾದಾಗ ಈ ನಿಧಿಯಿಂದ ಕೋಟಿಗಟ್ಟಲೆ ಡಾಲರ್ ಸಾಲ ಅಂತ ತೆಗೆದು ಬೇರೆ ಖರ್ಚಿಗೆ ಹಾಕಿದರು. ಬೈಕಿನವರು ಕೂಗಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಒಂದು ಕೆಲಸಕ್ಕೆ ಅಂತ ಎತ್ತಿದ ಸೆಸ್ಸು ಇನ್ನೊಂದಕ್ಕೆ ಹೋದರೆ ನಮಗೆ ಹೇಗೆ ಅನಿಸುತ್ತದೋ ಅವರಿಗೂ ಹಾಗೇ ಅನಿಸಿತು.

ಧೂಳು ತಿಂದವರ ಕತೆ

ಓಸಿಯಾನೋ ಡ್ಯೂನ್ಸ್ ಅನ್ನುವುದು ಸಮುದ್ರದ ದಡದ ಮರಳು ದಿಬ್ಬಗಳು. ಅಲ್ಲಿ ವಾಹನ ಓಡಿಸುವವರು ಚೀಟಿಗೂ ಟಿಕೇಟಿಗೂ ಕಾಸು ಕೊಟ್ಟಿದ್ದಾರೆ. ಅವರನ್ನು ನಂಬಿಕೊಂಡು ಸುತ್ತಲ ಊರಿನ ಅಂಗಡಿ, ಹೋಟೆಲು ನಡೆಯುತ್ತವೆ. ಆದರೆ ಗಾಳಿ ಬೀಸುವ ದಿಕ್ಕಿನಲ್ಲಿ ನಿಪೋಮೋ ಮೇಸಾ ಎಂಬ ಜನವಸತಿ ಇದೆ. ಚಕ್ರ ಕೆದಕಿದ ಮರಳಿನ ಸಣ್ಣ ಧೂಳು ಗಾಳಿಗೆ ಎದ್ದು ಆ ಮನೆಗಳ ಮೇಲೆ ಇಳಿಯುತ್ತದೆ. ಟಿಕೇಟು ಕೊಂಡವರು ಒಬ್ಬರು, ಧೂಳು ಉಸಿರಾಡಿದವರು ಇನ್ನೊಬ್ಬರು.

ಜಿಲ್ಲೆಯ ವಾಯು ಮಾಲಿನ್ಯ ಮಂಡಳಿ 2011ರಲ್ಲಿ ಧೂಳಿನ ನಿಯಮ ತಂದಿತು. 2018ರಲ್ಲಿ ಧೂಳು ತಗ್ಗಿಸಲೇಬೇಕು ಅಂತ ಆದೇಶವಾಯಿತು. ಆಮೇಲೆ ಕೆಲವು ಭಾಗಕ್ಕೆ ಬೇಲಿ ಹಾಕಿದರು, ಮರಳಿನ ಮೇಲೆ ಒಣಹುಲ್ಲು ಹರಡಿದರು, ಅಲ್ಲಿಯದೇ ಗಿಡ ನೆಟ್ಟರು. 2021ರ ಮಾರ್ಚಿಯಲ್ಲಿ ರಾಜ್ಯದ ಕರಾವಳಿ ಆಯೋಗ ಮೂರು ವರ್ಷದೊಳಗೆ ಈ ಆಟವನ್ನೇ ನಿಲ್ಲಿಸಬೇಕು ಅಂತ ತೀರ್ಮಾನಿಸಿತು. 2023ರಲ್ಲಿ ನ್ಯಾಯಾಲಯ, ಆಯೋಗ ತನ್ನ ಅಧಿಕಾರ ಮೀರಿದೆ ಅಂತ ಹೇಳಿ ಅದನ್ನು ತಡೆಯಿತು. ಹೀಗೆ ಒಂದು ಕಚೇರಿ ತೆರೆ ಅನ್ನುತ್ತದೆ, ಇನ್ನೊಂದು ಮುಚ್ಚು ಅನ್ನುತ್ತದೆ. ಶುರುವಿನಲ್ಲೇ ಗಾಳಿ ಯಾವ ಕಡೆಗೆ, ನೀರು ಯಾವ ಕಡೆಗೆ ಅಂತ ನೋಡಿ ಜಾಗ ಆರಿಸಿದ್ದರೆ ಇಷ್ಟು ರಾದ್ಧಾಂತ ಇರುತ್ತಿರಲಿಲ್ಲ.

ಕಾಸು ಕೊಟ್ಟ ಮಾತ್ರಕ್ಕೆ ನೆಲ ನಮ್ಮದೇ?

ಇನ್ನೊಂದು ಪ್ರಸಂಗ ಇದೆ. 1990ರ ದಶಕದಲ್ಲಿ ಕಾರ್ನೆಗಿ ಎಂಬ ಬೈಕು ಮೈದಾನವನ್ನು ದೊಡ್ಡದು ಮಾಡಲು ಪಕ್ಕದ ಟೆಸ್ಲಾ ಎಂಬ ಜಾಗದಲ್ಲಿ ಸುಮಾರು 3,100 ಎಕರೆ ಕೊಂಡರು. ಕೊಂಡಿದ್ದು ಈ ಚೀಟಿಯ ಕಾಸಿನಿಂದ. ಆದರೆ ಆ ನೆಲದಲ್ಲಿ ಅಪರೂಪದ ಗಿಡ, ಪ್ರಾಣಿ ಇವೆ, ಮೂಲನಿವಾಸಿಗಳ ಹಳೇ ಗುರುತುಗಳಿವೆ ಅಂತ ಸುತ್ತಲಿನವರು ಒಪ್ಪಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಎಳೆದಾಟ ನಡೆಯಿತು. ಕೊನೆಗೆ 2021ರಲ್ಲಿ ಅಲ್ಲಿ ಮೋಟಾರು ಬೇಡ ಅಂತ ತೀರ್ಮಾನವಾಯಿತು. ಬೈಕಿನವರ ನಿಧಿಗೆ ಸುಮಾರು 3 ಕೋಟಿ ಡಾಲರ್ ವಾಪಸು ತುಂಬಿಕೊಡಲು ಒಪ್ಪಿದರು.

ಇದರಲ್ಲಿ ಎರಡು ಮಾತಿದೆ. ಶುಲ್ಕ ಕೊಟ್ಟವನಿಗೆ ನೆಲದ ಮೇಲೆ ಯಜಮಾನಿಕೆ ಬರುವುದಿಲ್ಲ. ಹಾಗೇ, ಶುಲ್ಕ ಕೊಟ್ಟವನಿಗೆ ಮೋಸವೂ ಆಗಬಾರದು. ಜಾಗ ಕೊಡದಿದ್ದರೆ ಕಾಸು ಹಿಂತಿರುಗಿಸಬೇಕು. ಎರಡನ್ನೂ ಉಳಿಸಿಕೊಂಡ ತೀರ್ಮಾನ ಇದು. ಬೇಗ ಆಗಬೇಕಿತ್ತು, ಅಷ್ಟೆ.

ನಡೆಯುವವರು, ದನ ಮೇಯಿಸುವವರು

ನಮ್ಮಂಥವರು ಗಮನಿಸಬೇಕಾದ್ದು ಇದು. ಗೇಟು ಹಾಕಿ ಟಿಕೇಟು ಶುರು ಮಾಡಿದರೆ ಮೊದಲು ತಡೆಯುವುದು ಯಾರನ್ನು? ಕಾಲ್ನಡಿಗೆಯವನನ್ನೇ. ಅಮೆರಿಕದಲ್ಲಿ 1996ರಿಂದ ಸರ್ಕಾರಿ ನೆಲಗಳಲ್ಲಿ ಪ್ರಯೋಗಕ್ಕೆ ಅಂತ ಶುಲ್ಕ ಎತ್ತಿದರು. ಜನರ ತಕರಾರು ಬಂತು. 2004ರ ಕಾಯ್ದೆಯಲ್ಲಿ ಎರಡು ಒಳ್ಳೇ ಕಟ್ಟಳೆ ಸೇರಿದವು. ಒಂದು, ಎತ್ತಿದ ಕಾಸಿನಲ್ಲಿ ನೂರಕ್ಕೆ 80ಕ್ಕೆ ಕಡಿಮೆ ಇಲ್ಲದಂತೆ ಎತ್ತಿದ ಜಾಗಕ್ಕೇ ಸಲ್ಲಬೇಕು. ಇನ್ನೊಂದು, ಯಾವ ಸೌಕರ್ಯವನ್ನೂ ಬಳಸದೆ ಸುಮ್ಮನೆ ನಡೆದು ಹೋಗುವವನಿಂದ ಕಾಸು ಕೇಳುವಂತಿಲ್ಲ. ಅರಿಜೋನಾದ ಒಂದು ಅರಣ್ಯದಲ್ಲಿ ಇದನ್ನು ಮೀರಿದಾಗ ಕೆಲವರು ಕೋರ್ಟಿಗೆ ಹೋದರು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ನಡೆಯುವವರ ಪರವಾಗಿ ಹೇಳಿತು.

ದನ ಮೇಯಿಸುವವರಿಗೆ ಅಲ್ಲಿ 1934ರ ಕಾಯ್ದೆಯಿಂದ ಪರವಾನಗಿ, ಶುಲ್ಕ ಎರಡೂ ಇದೆ. ಒಂದು ಹಸು ಕರು ಅಥವಾ ಐದು ಕುರಿ ಒಂದು ತಿಂಗಳು ಮೇಯಲು 2025ರಲ್ಲಿ 1.35 ಡಾಲರ್. ನೂರು ರೂಪಾಯಿಗಿಂತ ಸ್ವಲ್ಪ ಮೇಲೆ. ಖಾಸಗಿ ಹುಲ್ಲುಗಾವಲಿಗಿಂತ ಇದು ಬಹಳ ಅಗ್ಗ ಅಂತ ಆಕ್ಷೇಪ ಇದೆ. ಆದರೆ ಅಲ್ಲಿ ಮೇಯಿಸುವವರಲ್ಲಿ ನೂರಾರು ದನ ಇಟ್ಟವರೂ ಇದ್ದಾರೆ. ಎರಡು ಎತ್ತು, ನಾಲ್ಕು ಮೇಕೆ ಇಟ್ಟುಕೊಂಡ ನಮ್ಮ ಬಡವನ ಜೊತೆ ಅವರನ್ನು ಸೇರಿಸಿ ಲೆಕ್ಕ ಹಾಕಬಾರದು.

ನಮ್ಮ ಗೋಮಾಳಕ್ಕೆ ಹೊಂದಿಸಿ ನೋಡಿದರೆ

ನಮ್ಮ 1964ರ ಭೂಕಂದಾಯ ಕಾಯ್ದೆಯ 71ನೇ ಕಲಮು ಊರ ದನಗಳಿಗೆ ಉಚಿತ ಹುಲ್ಲುಗಾವಲು ಕಾದಿಡಲು ಅವಕಾಶ ಕೊಟ್ಟಿದೆ. ಉಚಿತ ಅನ್ನುವ ಮಾತು ಕಾಯ್ದೆಯಲ್ಲೇ ಇದೆ. ಹೀಗೆ ಕಾದಿಟ್ಟ ನೆಲವನ್ನು ಜಿಲ್ಲಾಧಿಕಾರಿಗಳ ಮಂಜೂರಾತಿ ಇಲ್ಲದೆ ಬೇರೆ ಉಪಯೋಗಕ್ಕೆ ಬಳಸುವಂತಿಲ್ಲ. ನೂರು ಜಾನುವಾರಿಗೆ 30 ಎಕರೆ ಅನ್ನುವ ಲೆಕ್ಕ ನಿಯಮದಲ್ಲಿದೆ. ಊರಿನ ಸಾಮೂಹಿಕ ಜಮೀನು ಉಳಿಸಬೇಕು, ಒತ್ತುವರಿ ತೆರವು ಮಾಡಬೇಕು ಅಂತ ಸುಪ್ರೀಂ ಕೋರ್ಟು 2011ರಲ್ಲಿ ಎಲ್ಲಾ ರಾಜ್ಯಗಳಿಗೂ ಹೇಳಿದೆ. ಆದ್ದರಿಂದ ಯಾರೋ ಬಂದು ಊರಿನ ಒಬ್ಬಿಬ್ಬರ ಕೈಗೆ ಕಾಸು ಕೊಟ್ಟು ಗೋಮಾಳದಲ್ಲಿ ಬೈಕು ಪಂದ್ಯ ಇಟ್ಟರೆ ಕೇಳುವ ಹಕ್ಕು ನಮಗಿದೆ. ಕೇಳುವಾಗ ಬಾಯಿಮಾತು ಸಾಲದು. ಗ್ರಾಮಸಭೆಯಲ್ಲಿ ಠರಾವು ಬರೆಸಿ ತಹಶೀಲ್ದಾರರಿಗೆ ಕಳಿಸಬೇಕು.

ಬೈಕಿನ ಹುಡುಗರ ಮೇಲೆ ನನಗೆ ದ್ವೇಷ ಇಲ್ಲ. ಅವರಲ್ಲಿ ನಮ್ಮ ರೈತರ ಮಕ್ಕಳೂ ಇರುತ್ತಾರೆ. ಅವರಿಗೂ ಒಂದು ಜಾಗ ಬೇಕು ಅಂದರೆ, ಮೇವು ಹುಟ್ಟದ ನೆಲ ನೋಡಿ ಕೊಡುವುದಾದರೆ ಕೊಡಲಿ. ಹಾಗೆ ಕೊಡುವ ಮುಂಚೆ ಊರಿನವರು ಈ ಮಾತುಗಳನ್ನು ಕೇಳಬೇಕು.

1. ಪಹಣಿಯಲ್ಲಿ ಈ ನೆಲ ಏನಂತ ಇದೆ? ಗೋಮಾಳವೋ, ಖರಾಬೋ, ಅರಣ್ಯವೋ, ಕೆರೆ ಅಂಗಳವೋ? ಒಂದೊಂದಕ್ಕೂ ಕೇಳಬೇಕಾದ ಕಚೇರಿ ಬೇರೆ.

2. ತೆರೆದ ಜಾಡು ಯಾವುದು ಅಂತ ಕಲ್ಲು ನೆಟ್ಟು ಗುರುತಿಸಿದ್ದಾರೆಯೇ? ಗುರುತಿಲ್ಲದ ಕಡೆ ಎಲ್ಲಾ ಮುಚ್ಚಿದ್ದು ಅಂತಲೇ ಲೆಕ್ಕ.

3. ಮಳೆಗಾಲದಲ್ಲಿ, ನೆಲ ಹಸಿ ಇದ್ದಾಗ, ಹುಲ್ಲು ಬೀಜ ಕಟ್ಟುವಾಗ ಬಂದ್ ಮಾಡುತ್ತಾರೆಯೇ?

4. ನೀರು, ಧೂಳು ಯಾರ ಹೊಲಕ್ಕೆ ಹೋಗುತ್ತದೆ? ಆ ಹೊಲದವರನ್ನು ಕೇಳಿದ್ದಾರೆಯೇ?

5. ಎತ್ತಿದ ಕಾಸು ಯಾವ ಖಾತೆಗೆ? ಬದು ಹಾಕಲು, ಕೊರಕಲು ಮುಚ್ಚಲು, ಹುಲ್ಲು ಬಿತ್ತಲು ಎಷ್ಟು? ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಲೆಕ್ಕ ಓದುತ್ತಾರೆಯೇ?

6. ದನ ಕಾಯುವವರು, ಸೌದೆ ಆಯುವವರು, ದೇವಸ್ಥಾನಕ್ಕೆ ನಡೆದು ಹೋಗುವವರು ಎಂದಿನಂತೆ ಕಾಸಿಲ್ಲದೆ ಹೋಗಬಹುದೇ?

ಆರಕ್ಕೂ ಸರಿಯಾದ ಉತ್ತರ ಬರದಿದ್ದರೆ ಒಪ್ಪಬಾರದು. ಶುಲ್ಕ ಎಷ್ಟೇ ದೊಡ್ಡದಿರಲಿ, ಸವೆದ ಮಣ್ಣಿಗೆ ಹಿಂತಿರುಗದಿದ್ದರೆ ಅದು ಊರ ನೆಲವನ್ನು ಗೇಣಿಗೆ ಕೊಟ್ಟ ಹಾಗೆ, ಗೇಣಿ ಮಾತ್ರ ಯಾರದೋ ಪಾಲು. ನಿಮ್ಮ ಊರಲ್ಲಿ ಇಂಥದ್ದು ನಡೆದಿದ್ದರೆ, ಗ್ರಾಮಸಭೆ ಏನು ಮಾಡಿತು, ಕಚೇರಿಯಿಂದ ಏನು ಉತ್ತರ ಬಂತು ಅಂತ ಪತ್ರಿಕೆಗೆ ಬರೆಯಿರಿ. ಇನ್ನೊಂದು ಊರಿನವರಿಗೆ ಅದು ದಾರಿ ಆಗುತ್ತದೆ.