ಮೂತ್ರಕೋಶದ ಸ್ನಾಯುಸಂಕೋಚನದ ಮೇಲೆ ಔಷಧಗಳ ಪರಿಣಾಮ

ಬೆಂಗಳೂರು ದಂಡು ಪ್ರದೇಶದ ಪೂರ್ವಕ್ಕೆ, ಹಲಸೂರಿನಿಂದ ಕೃಷ್ಣರಾಜಪುರದವರೆಗೆ, ಖಾಲಿ ನಿವೇಶನಗಳಲ್ಲಿಯೂ ರಸ್ತೆಯ ಅಂಚುಗಳಲ್ಲಿಯೂ ಉಮ್ಮತ್ತಿ ಗಿಡವು ತಾನಾಗಿಯೇ ಬೆಳೆಯುತ್ತದೆ. ಇದರ ಹೂವು ಶಿವಪೂಜೆಗೆ ಸಲ್ಲುತ್ತದೆ, ಬೀಜವು ವಿಷಕಾರಿ. ಉಮ್ಮತ್ತಿಯನ್ನು ತಿಂದವರಲ್ಲಿ ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಬುದ್ಧಿಭ್ರಮಣೆ ಇವುಗಳೊಡನೆ ಮೂತ್ರ ಕಟ್ಟಿಕೊಳ್ಳುವುದೂ ಕಂಡುಬರುತ್ತದೆ. ಇದಕ್ಕೆ ಕಾರಣ ಅದರಲ್ಲಿರುವ ಅಟ್ರೋಪಿನ್, ಸ್ಕೊಪೊಲಮಿನ್ ಮುಂತಾದ ಕ್ಷಾರಾಭಗಳು. ಮೂತ್ರಕೋಶದ ಮೇಲೆ ಔಷಧಗಳು ವರ್ತಿಸುವ ಬಗೆಯನ್ನು ಅರಿಯಲು ಈ ಗಿಡವು ಒಳ್ಳೆಯ ಪ್ರವೇಶದ್ವಾರವಾಗಿದೆ.

ಮೂತ್ರಕೋಶದ ಗೋಡೆಯಲ್ಲಿರುವ ನಯಸ್ನಾಯುವಿಗೆ ಡೆಟ್ರೂಸರ್ ಎಂದು ಹೆಸರು. ಮೂತ್ರವು ತುಂಬುತ್ತಿರುವಾಗ ಅದು ಸಡಿಲವಾಗಿದ್ದು, ವಿಸರ್ಜನೆಯ ವೇಳೆ ಸಂಕುಚಿಸುತ್ತದೆ. ಸಂಕೋಚನದ ಆಜ್ಞೆಯು ಪ್ಯಾರಾಸಿಂಪಥೆಟಿಕ್ ನರಗಳ ಮೂಲಕ ಬರುತ್ತದೆ. ನರದ ತುದಿಯಿಂದ ಹೊರಬಿದ್ದ ಅಸಿಟೈಲ್‌ಕೋಲಿನ್ ಸ್ನಾಯುಕೋಶದ ಮಸ್ಕರಿನಿಕ್ ಗ್ರಾಹಕಗಳನ್ನು ಸೇರುತ್ತದೆ. ಇವುಗಳಲ್ಲಿ ಎಂ2 ಬಗೆಯವು ಸಂಖ್ಯೆಯಲ್ಲಿ ಹೆಚ್ಚಾದರೂ ಸಂಕೋಚನವನ್ನು ಮುಖ್ಯವಾಗಿ ಉಂಟುಮಾಡುವುದು ಎಂ3 ಬಗೆ. ಇದರಿಂದ ಕೋಶದೊಳಗೆ ಕ್ಯಾಲ್ಸಿಯಂ ಪ್ರಮಾಣ ಏರಿ, ಸ್ನಾಯುತಂತುಗಳು ಬಿಗಿಯುತ್ತವೆ. ಅಟ್ರೋಪಿನ್ ಇದೇ ಗ್ರಾಹಕಗಳನ್ನು ಆಕ್ರಮಿಸಿ, ಅಸಿಟೈಲ್‌ಕೋಲಿನ್‌ಗೆ ಎಡೆಯಿಲ್ಲದಂತೆ ಮಾಡುತ್ತದೆ.

ಸಾವಯವ ರಂಜಕ ಕೀಟನಾಶಕಗಳ ಕ್ರಿಯೆಯು ಇದಕ್ಕೆ ವಿರುದ್ಧವಾದುದು. ಅವು ಅಸಿಟೈಲ್‌ಕೋಲಿನನ್ನು ವಿಭಜಿಸುವ ಕಿಣ್ವವನ್ನು ತಡೆಯುವುದರಿಂದ, ಆ ವಸ್ತು ಶೇಖರಗೊಂಡು ರೋಗಿಗೆ ಅರಿವಿಲ್ಲದೆಯೇ ಮೂತ್ರವಿಸರ್ಜನೆಯಾಗಬಹುದು. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಂತಹ ಸಾರ್ವಜನಿಕ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಇಂತಹ ವಿಷಪ್ರಾಶನಕ್ಕೆ ಅಟ್ರೋಪಿನ್ನೇ ಮುಖ್ಯ ಪ್ರತಿವಿಷ. ಅದರ ಪ್ರಮಾಣ ಮೀರಿದಲ್ಲಿ ಮೂತ್ರ ಕಟ್ಟಿಕೊಳ್ಳುವುದು. ಹೀಗೆ ಒಂದೇ ಗ್ರಾಹಕದ ಅತಿಪ್ರಚೋದನೆ ಮತ್ತು ಅತಿನಿರೋಧಗಳೆರಡೂ ಒಂದೇ ಹಾಸಿಗೆಯಲ್ಲಿ ಕಾಣಸಿಗುತ್ತವೆ.

ಈ ತತ್ತ್ವವನ್ನೇ ಚಿಕಿತ್ಸೆಗೆ ಬಳಸಿಕೊಳ್ಳಲಾಗಿದೆ. ಮೂತ್ರದ ಆತುರವನ್ನು ತಡೆಯಲಾಗದವರಿಗೆ ನೀಡುವ ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್, ಸಾಲಿಫೆನಾಸಿನ್ ಇವು ಮಸ್ಕರಿನಿಕ್ ನಿರೋಧಕಗಳು. ಇವು ಇತರ ಅಂಗಗಳಲ್ಲಿಯೂ ವರ್ತಿಸುವುದರಿಂದ ಬಾಯಿ ಒಣಗುವುದು, ಮಲಬದ್ಧತೆ ಸಾಮಾನ್ಯ. 2012ರಲ್ಲಿ ಅಮೆರಿಕದಲ್ಲಿ ಮಂಜೂರಾದ ಮಿರಾಬೆಗ್ರಾನ್ ಬೇರೆಯ ಮಾರ್ಗವನ್ನು ಹಿಡಿಯುತ್ತದೆ. ಅದು ಬೀಟಾ-3 ಗ್ರಾಹಕಗಳನ್ನು ಪ್ರಚೋದಿಸಿ, ತುಂಬುವ ಹಂತದಲ್ಲಿ ಸ್ನಾಯುವನ್ನು ಸಡಿಲಗೊಳಿಸುತ್ತದೆ. ಆದರೆ ರಕ್ತದೊತ್ತಡವನ್ನು ಗಮನಿಸುತ್ತಿರಬೇಕು. ಸ್ನಾಯುವಿಗೆ ಚುಚ್ಚುವ ಬಾಟ್ಯುಲಿನಮ್ ವಿಷವು ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರುವುದನ್ನೇ ತಿಂಗಳುಗಟ್ಟಲೆ ತಡೆಯುತ್ತದೆ. ಟ್ಯಾಮ್ಸುಲೋಸಿನ್ ಡೆಟ್ರೂಸರ್‌ಗಿಂತ ಹೆಚ್ಚಾಗಿ ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಕಂಠದ ಸ್ನಾಯುವನ್ನು ಸಡಿಲಿಸಿ ಹೊರದಾರಿಯನ್ನು ಸುಗಮಗೊಳಿಸುತ್ತದೆ.

ಈ ತಿಳಿವಳಿಕೆಗೆ ದೈನಂದಿನ ಮಹತ್ವವೂ ಇದೆ. ನೆಗಡಿಯ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಕ್ಲೋರ್ಫೆನಿರಮಿನ್ ಮಸ್ಕರಿನಿಕ್ ಗ್ರಾಹಕಗಳನ್ನೂ ತಡೆಯುತ್ತದೆ. ಜೊತೆಗಿರುವ ಫಿನೈಲೆಫ್ರಿನ್ ಹೊರದಾರಿಯ ಸ್ನಾಯುವನ್ನು ಬಿಗಿಗೊಳಿಸುತ್ತದೆ. ಪ್ರಾಸ್ಟೇಟ್ ಗ್ರಂಥಿ ಹಿಗ್ಗಿರುವ ವೃದ್ಧರು ವೈದ್ಯರ ಚೀಟಿಯಿಲ್ಲದೆ ಇವನ್ನು ನುಂಗಿದಲ್ಲಿ ಮೂತ್ರವು ಏಕಾಏಕಿ ಕಟ್ಟಿಕೊಂಡು, ಕೊಳವೆಯಿಂದ ಹೊರತೆಗೆಯಬೇಕಾದ ಸಂದರ್ಭ ಒದಗಬಹುದು. ಮಸ್ಕರಿನಿಕ್ ನಿರೋಧಕಗಳ ದೀರ್ಘಕಾಲದ ಬಳಕೆಗೂ ವೃದ್ಧರ ಮರೆಗುಳಿತನಕ್ಕೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಕಾರ್ಯಕಾರಣ ಸಂಬಂಧವು ಮಾತ್ರ ಇನ್ನೂ ಸ್ಥಿರಪಟ್ಟಿಲ್ಲ. ಆದುದರಿಂದ ವಯಸ್ಸಾದವರಿಗೆ ಔಷಧವನ್ನು ಬರೆಯುವಾಗ ಅವರು ಈಗಾಗಲೇ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ತಾವಾಗಿಯೇ ಕೊಂಡವುಗಳನ್ನೂ ಸೇರಿಸಿ, ವಿಚಾರಿಸುವುದು ಅತ್ಯಗತ್ಯವೆನಿಸುತ್ತದೆ.