ಜನಾರೋಗ್ಯದ ಹೊಣೆ

ವೈದ್ಯಕ್ಕೂ ಜನಾರೋಗ್ಯ ರಕ್ಷಣೆಗೂ ಇರುವ ಭೇದವನ್ನು ಮೊದಲು ಸ್ಪಷ್ಟಮಾಡಿಕೊಳ್ಳುವುದು ಒಳ್ಳೆಯದು. ವೈದ್ಯನು ರೋಗಿಯನ್ನು ನೋಡುತ್ತಾನೆ. ಜನಾರೋಗ್ಯಾಧಿಕಾರಿಯು ಊರನ್ನು ನೋಡುತ್ತಾನೆ. ವೈದ್ಯನ ಬಳಿಗೆ ರೋಗಿಯು ತಾನಾಗಿಯೇ ಬರುತ್ತಾನೆ. ಗುಣವಾದರೆ ಕೈಮುಗಿದು ಹೋಗುತ್ತಾನೆ. ಬಾರದೆ ಉಳಿದ ರೋಗಕ್ಕಾಗಿ ಯಾರೂ ಯಾರಿಗೂ ಕೈಮುಗಿಯುವುದಿಲ್ಲ. ಕಾಲರಾ ಬಾರದ ಬೇಸಗೆಯನ್ನು ಊರಿನವರು ಎಲ್ಲ ಬೇಸಗೆಗಳಂತೆ ಅದೂ ಒಂದೆಂದು ಎಣಿಸಿ ಮರೆಯುತ್ತಾರೆ. ಹೊಗಳುವವರಿಲ್ಲದ ಈ ಕೆಲಸವನ್ನು ವಿಚಾರಿಸುವವರೂ ಇಲ್ಲವಾದರೆ ಅದು ಮೆಲ್ಲಗೆ ನಿಂತುಹೋಗುತ್ತದೆ. ನಿಂತುಹೋದುದು ನಮಗೆ ತಿಳಿಯುವುದು ಮನೆಯಲ್ಲಿ ಮಗು ಮಲಗಿದಾಗ. ಆದುದರಿಂದ ಈ ಕೆಲಸಕ್ಕೆ ಒಡೆಯನಾರು, ಅವನ ಕೈಯಲ್ಲಿ ಎಂತಹ ಅಧಿಕಾರವಿರಬೇಕು, ಅವನು ಯಾರಿಗೆ ಉತ್ತರ ಹೇಳಬೇಕು ಎಂಬ ಮೂರು ಪ್ರಶ್ನೆಗಳನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ರೋಗದ ಕಾರಣವನ್ನು ಬಲ್ಲವನು ಒಬ್ಬ, ಅದನ್ನು ನಿವಾರಿಸುವ ಅಧಿಕಾರವುಳ್ಳವನು ಇನ್ನೊಬ್ಬ ಆಗಿರುವುದೇ ಈ ವಿಷಯದ ಮೂಲ ತೊಡಕು. ೧೮೫೪ರಲ್ಲಿ ಲಂಡನ್ ನಗರದ ಸೋಹೋ ಎಂಬ ಭಾಗದಲ್ಲಿ ಕಾಲರಾ ಹಬ್ಬಿತು. ಜಾನ್ ಸ್ನೋ ಎಂಬ ವೈದ್ಯರು ಮನೆಮನೆಗೂ ಹೋಗಿ ವಿಚಾರಿಸಿ, ಸತ್ತವರಲ್ಲಿ ಬಹುಮಂದಿ ಬ್ರಾಡ್ ಬೀದಿಯ ಒಂದು ಪಂಪಿನ ನೀರನ್ನು ಕುಡಿದವರೆಂಬುದನ್ನು ಕಂಡುಕೊಂಡರು. ಆದರೆ ಆ ಪಂಪಿನ ಹಿಡಿಯನ್ನು ಕಳಚುವ ಅಧಿಕಾರ ಅವರಿಗಿರಲಿಲ್ಲ. ಅದು ಸ್ಥಳೀಯ ಮಂಡಲಿಗೆ ಸೇರಿದ್ದಿತು. ಸ್ನೋ ಅವರು ಆ ಮಂಡಲಿಯ ಮುಂದೆ ತಮ್ಮ ವಾದವನ್ನು ಇಟ್ಟ ಮೇಲೆ ಸೆಪ್ಟೆಂಬರ್ ೮ರಂದು ಹಿಡಿಯನ್ನು ಕಳಚಲಾಯಿತು. ಆ ವೇಳೆಗೆ ರೋಗವು ಇಳಿಮುಖವಾಗಿತ್ತೆಂಬುದೂ ನಿಜವೇ. ಲೋಕವು ಸ್ನೋ ಅವರ ಬುದ್ಧಿಯನ್ನು ಕೊಂಡಾಡುತ್ತದೆ, ಅದು ನ್ಯಾಯ. ನಾವು ಇಲ್ಲಿ ಗಮನಿಸಬೇಕಾದುದು ಪಂಪಿನ ಹಿಡಿಯು ಯಾರ ಕೈಯಲ್ಲಿದ್ದಿತೆಂಬುದನ್ನು.

ಈ ತೊಡಕನ್ನು ಅದಕ್ಕೂ ಮೊದಲೇ ಬಿಡಿಸಲು ಹೊರಟ ಊರು ಲಿವರ್‌ಪೂಲ್. ಅಲ್ಲಿನ ಪುರಸಭೆಯು ೧೮೪೭ರಲ್ಲಿ ಡಾಕ್ಟರ್ ವಿಲಿಯಂ ಹೆನ್ರಿ ಡಂಕನ್ ಅವರನ್ನು ಊರಿನ ಆರೋಗ್ಯಾಧಿಕಾರಿಯನ್ನಾಗಿ ನೇಮಿಸಿತು. ಇಂಗ್ಲೆಂಡಿನಲ್ಲಿ ಇಂತಹ ಅಧಿಕಾರಿ ಇವರೇ ಮೊದಲಿಗರು. ಅವರ ಜೊತೆಗೆ ಚರಂಡಿಗಳನ್ನು ಕಟ್ಟಿಸಲು ಜೇಮ್ಸ್ ನ್ಯೂಲ್ಯಾಂಡ್ಸ್ ಎಂಬ ಇಂಜನಿಯರನ್ನೂ, ಬೀದಿಯ ಹೊಲಸನ್ನು ತನಿಖೆಮಾಡಲು ಥಾಮಸ್ ಫ್ರೆಷ್ ಎಂಬ ಇನ್‌ಸ್ಪೆಕ್ಟರನ್ನೂ ಇಟ್ಟಿತು. ತಿಳಿಯುವವನು, ಕಟ್ಟುವವನು, ನೋಡುವವನು ಮೂವರೂ ಒಂದೇ ಪುರಸಭೆಯ ಸೇವಕರು. ಮೊದಲು ಡಂಕನ್ ಅವರಿಗೆ ವರ್ಷಕ್ಕೆ ೩೦೦ ಪೌಂಡು ಸಂಬಳವನ್ನು ಗೊತ್ತುಮಾಡಿ, ಸ್ವಂತ ವೈದ್ಯವೃತ್ತಿಯನ್ನೂ ನಡೆಸಬಹುದೆಂದು ಬಿಟ್ಟಿದ್ದರು. ಅಷ್ಟರಿಂದ ಕೆಲಸ ಸಾಗದೆಂದು ಬೇಗನೆ ಮನವರಿಕೆಯಾಗಿ, ಸಂಬಳವನ್ನು ೭೫೦ ಪೌಂಡಿಗೆ ಏರಿಸಿ ಅವರ ಪೂರ್ತಿ ಕಾಲವನ್ನು ಊರಿಗೇ ಮೀಸಲುಮಾಡಿದರು. ರೋಗಿಗಳ ಕರೆಗೆ ಓಡುವವನು ಊರಿನ ಚರಂಡಿಯನ್ನು ನೋಡಲಾರನೆಂಬ ಅನುಭವವು ಈ ಏರ್ಪಾಟಿನ ಹಿಂದೆ ಇದೆ.

ನಮ್ಮ ದೇಶದ ಅನುಭವವು ಇದಕ್ಕೆ ಮತ್ತೊಂದು ಪಾಠವನ್ನು ಸೇರಿಸಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುವರ್ಷ ಬ್ರಿಟಿಷ್ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾನೂನನ್ನು ಮಾಡಿ ಅಧಿಕಾರಿಗಳಿಗೆ ಬಹು ವಿಶಾಲವಾದ ಅಧಿಕಾರಗಳನ್ನು ಕೊಟ್ಟಿತು. ಪುಣೆಯಲ್ಲಿ ಸಿಪಾಯಿಗಳು ಮನೆಗಳನ್ನು ಹೊಕ್ಕು ಶೋಧಿಸಿದರು. ಜನರ ರೋಷ ಉಕ್ಕಿತು. ಪ್ಲೇಗಿನ ಅಧಿಕಾರಿಯಾಗಿದ್ದ ರ‍್ಯಾಂಡ್ ಎಂಬವರು ೧೮೯೭ರಲ್ಲಿ ಕೊಲೆಯಾದರು. ೧೮೯೮ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೂ ಬಂದಿತು. ಮೈಸೂರು ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮೀಷನರಾಗಿ ನೇಮಿಸಿತು. ಅವರು ವೈದ್ಯರಲ್ಲ, ಆಡಳಿತವನ್ನು ಬಲ್ಲವರು. ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿದ್ದ ಕೆಲಸವನ್ನು ಒಂದು ಕೈಗೆ ತರುವುದೇ ಇದರ ಉದ್ದೇಶ. ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಸರ್ಕಾರಿ ಕೆಲಸ ದೊರೆಯದೆ ಮೈಸೂರಿನ ಸೇವೆಗೆ ಬಂದಿದ್ದ ಡಾಕ್ಟರ್ ಪಲ್ಪು ಅವರಂತಹ ವೈದ್ಯರು ರೋಗಿಗಳ ನಡುವೆ ನಿಂತು ದುಡಿದರು.

ಆದರೂ ಆ ವರ್ಷವೇ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ನಿಬಂಧನೆಗಳ ವಿರುದ್ಧ ಜನರು ದಂಗೆಯೆದ್ದರು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಇಲಿ ಬಿದ್ದೊಡನೆ ಮನೆಗೆ ಬೀಗ ಹಾಕಿ, ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುವ ಪದ್ಧತಿಯನ್ನು ನಮ್ಮ ಹಳ್ಳಿಯವರು ಬೇಗನೆ ಕಲಿತರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುವುದೆಂಬ ಶಾಸ್ತ್ರಕ್ಕೆ ಇದು ಸರಿಯಾಗಿ ಒಪ್ಪುವ ಕ್ರಮ. ಹೆಂಗಸರನ್ನು ರೈಲಿನಿಂದ ಇಳಿಸಿ ಪರೀಕ್ಷಿಸುವುದನ್ನೂ, ರೋಗಿಯನ್ನು ಮನೆಯವರಿಂದ ಅಗಲಿಸುವುದನ್ನೂ ಜನರು ಎದುರಿಸಿದರು. ಇದಕ್ಕಿಂತ ಹೆಚ್ಚು ಕಷ್ಟಕರವಾದ, ಮನೆಮಠಗಳನ್ನೇ ಬಿಡುವ ಕ್ರಮವನ್ನು ತಾವಾಗಿ ಕೈಕೊಂಡರು. ಜನರು ಮೂಢರೆಂದು ತೀರ್ಮಾನಿಸಿದ ಅಧಿಕಾರಿಗೆ ಈ ಸಹಾಯ ದೊರೆಯಲಾರದು. ಜನರ ಒಪ್ಪಿಗೆಯೂ ಆರೋಗ್ಯಾಡಳಿತದ ಒಂದು ಸಾಮಗ್ರಿಯೇ, ಲಸಿಕೆಯಷ್ಟೇ ಅವಶ್ಯಕವಾದುದು.

ಇನ್ನು ಅಧಿಕಾರದ ಎಲ್ಲೆ ಎಷ್ಟು ದೂರ ಹೋಗಬೇಕೆಂಬ ಪ್ರಶ್ನೆ. ಇದಕ್ಕೆ ಮೈಸೂರು ಸಂಸ್ಥಾನದ ಮಲೇರಿಯಾ ಕಾರ್ಯವೇ ಉತ್ತರ ಹೇಳುತ್ತದೆ. ೧೯೨೦ರ ದಶಕದ ಕೊನೆಯಲ್ಲಿ ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಜನಾರೋಗ್ಯ ಕಾರ್ಯವನ್ನು ವಿಸ್ತರಿಸಿತು. ಮಲೇರಿಯಾ ವಿಚಾರಣೆಗಾಗಿ ಮೂಡಿಗೆರೆ, ಹಿರಿಯೂರು, ನಾಗೇನಹಳ್ಳಿಗಳಲ್ಲಿ ಠಾಣ್ಯಗಳನ್ನು ಸ್ಥಾಪಿಸಿದರು. ಒಂದು ಮಲೆನಾಡಿನ ತೊರೆಗಳ ಸೀಮೆ. ಮತ್ತೊಂದು ಮಾರಿಕಣಿವೆಯ ಕೆಳಗಿನ ನೀರಾವರಿಯ ಸೀಮೆ. ಮೂರನೆಯದು ಕಾವೇರಿಯ ನಾಲೆಗಳ ಸೀಮೆ. ಮಲೆನಾಡಿನ ಹರಿಯುವ ತೊರೆಗಳಲ್ಲಿ ಹುಟ್ಟಿ ರೋಗ ತರುವ ಸೊಳ್ಳೆಯ ಜಾತಿ ಬೇರೆ, ಬಯಲುಸೀಮೆಯ ನಾಲೆ ಗದ್ದೆಗಳಲ್ಲಿ ಹುಟ್ಟುವುದು ಬೇರೆ. ಆದಕಾರಣ ಒಂದೇ ಆಜ್ಞೆಯನ್ನು ಎಲ್ಲ ಊರುಗಳಿಗೂ ಕಳುಹಿಸಿ ಕುಳಿತುಕೊಳ್ಳುವಂತಿರಲಿಲ್ಲ. ನಾಲೆಯಿಂದ ನೀರು ಜಿನುಗಿ ನಿಂತರೆ ಅದನ್ನು ಸರಿಪಡಿಸುವವನು ಇಂಜನಿಯರು. ಗದ್ದೆಗೆ ಯಾವಾಗ ನೀರು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದೂ ಅವನ ಇಲಾಖೆಯ ಮಾತು. ಮಂಡ್ಯದ ಕಡೆ ಹೊಸ ನಾಲೆಯಿಂದ ಐಶ್ವರ್ಯ ಬಂದಂತೆ ಮಲೇರಿಯಾವೂ ಬಂದಿತು. ಆಸ್ಪತ್ರೆಯಲ್ಲಿ ಕ್ವಿನೈನನ್ನು ಹಂಚುವ ಅಧಿಕಾರವಿದ್ದು ನಾಲೆಯ ವಿಷಯದಲ್ಲಿ ಮಾತನಾಡುವ ಅಧಿಕಾರವಿಲ್ಲದ ಆರೋಗ್ಯಶಾಖೆಯು ಇಂತಲ್ಲಿ ಅರ್ಧ ಕೆಲಸವನ್ನು ಮಾತ್ರ ಮಾಡಬಲ್ಲದು.

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಬರೋಣ. ಚಿಕಿತ್ಸೆಯ ಶಾಖೆಯೂ ರೋಗನಿವಾರಣೆಯ ಶಾಖೆಯೂ ಒಂದಾಗಿರಬೇಕೇ, ಬೇರೆಯಾಗಿರಬೇಕೇ? ಮದರಾಸು ಪ್ರಾಂತವು ಬೇರೆಯಾಗಿಟ್ಟಿತು. ಅಲ್ಲಿ ಜನಾರೋಗ್ಯಕ್ಕೆ ಪ್ರತ್ಯೇಕ ಡೈರೆಕ್ಟರು, ಪ್ರತ್ಯೇಕ ಸಿಬ್ಬಂದಿ. ೧೯೩೯ರಲ್ಲಿ ಪ್ರತ್ಯೇಕ ಜನಾರೋಗ್ಯ ಕಾನೂನು. ಆ ಕಾಲಕ್ಕೆ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳ ಕನ್ನಡಿಗರು ಆ ಪ್ರಾಂತಕ್ಕೇ ಸೇರಿದ್ದರು. ೧೯೪೬ರಲ್ಲಿ ವರದಿಯನ್ನೊಪ್ಪಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿಯು ಚಿಕಿತ್ಸೆ ಮತ್ತು ನಿವಾರಣೆಗಳನ್ನು ಎಲ್ಲ ಮಟ್ಟಗಳಲ್ಲಿಯೂ ಒಂದುಗೂಡಿಸಬೇಕೆಂದು ಹೇಳಿತು. ಸದ್ಯಕ್ಕೆ ೪೦,೦೦೦ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಲೆಂದು ಸೂಚಿಸಿತು. ೧೯೬೭ರ ಜಂಗಲ್‌ವಾಲಾ ಸಮಿತಿಯು ಒಂದೇ ವರ್ಗ, ಒಂದೇ ಹಿರಿತನದ ಪಟ್ಟಿ ಇರಬೇಕೆಂದಿತು. ಕರ್ನಾಟಕವೂ ಹೆಚ್ಚಿನ ರಾಜ್ಯಗಳೂ ಈ ಒಂದುಗೂಡಿಸುವ ಹಾದಿಯನ್ನು ಹಿಡಿದುವು. ತಮಿಳುನಾಡು ಮಾತ್ರ ಜನಾರೋಗ್ಯಕ್ಕೆ ತನ್ನ ಪ್ರತ್ಯೇಕ ಶಾಖೆಯನ್ನು ಉಳಿಸಿಕೊಂಡು ಬಂದಿದೆ.

ಒಂದುಗೂಡಿಸಬೇಕೆಂದವರ ವಾದವು ಹಗುರವಾದುದಲ್ಲ. ಹಳ್ಳಿಯ ತಾಯಿಯು ಮಗುವಿನ ಜ್ವರಕ್ಕೆ ಒಂದು ಬಾಗಿಲು, ಲಸಿಕೆಗೆ ಮತ್ತೊಂದು ಬಾಗಿಲು ಎಂದು ಅಲೆಯಬಾರದು. ಕ್ಷಯದ ರೋಗಿಯನ್ನು ಗುಣಪಡಿಸುವುದು ಅವನ ಮನೆಯವರನ್ನು ಕಾಪಾಡುವುದಕ್ಕೂ ದಾರಿ. ಆದರೆ ಒಂದೇ ಬಾಗಿಲಿನ ಮುಂದೆ ಬೆಳಗ್ಗೆ ನೂರು ಮಂದಿ ರೋಗಿಗಳು ಸಾಲುನಿಂತಿರುವಾಗ, ಒಳಗಿನ ವೈದ್ಯನು ಎದ್ದು ಹೋಗಿ ಊರ ಬಾವಿಯನ್ನು ನೋಡಿಬರುವನೆಂದು ನಿರೀಕ್ಷಿಸುವುದು ಹೇಗೆ? ನರಳುವವನ ಕೂಗಿಗೆ ಕಿವಿಗೊಡುವುದು ಮನುಷ್ಯಧರ್ಮ. ಬಾವಿಗೆ ಕೂಗುವ ಬಾಯಿಲ್ಲ. ಹೀಗೆ ತುರ್ತಾದುದು ಮುಖ್ಯವಾದುದನ್ನು ದಿನದಿನವೂ ಹಿಂದಕ್ಕೆ ತಳ್ಳುತ್ತದೆ. ಹಿರಿತನವೊಂದರಿಂದಲೇ ಪದವಿ ದೊರೆಯುವಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಆಯುಷ್ಯವನ್ನು ಸವೆಸಿದ ಸಮರ್ಥರು ಕೊನೆಯ ಕೆಲವು ವರ್ಷ ಒಂದು ಜಿಲ್ಲೆಯ ನೀರು, ಸೊಳ್ಳೆ, ಲಸಿಕೆಗಳ ಹೊಣೆಯನ್ನು ಹೊರುವಂತಾಗುತ್ತದೆ. ಅವರ ಯೋಗ್ಯತೆ ಕಡಿಮೆಯೆಂದಲ್ಲ. ಅದು ಬೇರೊಂದು ವಿದ್ಯೆ.

ಇಂದು ನಮ್ಮ ಒಂದು ಹಳ್ಳಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿತೆಂದು ಭಾವಿಸೋಣ. ಕುಡಿಯುವ ನೀರಿನ ಕೊಳವೆಯು ಚರಂಡಿಯಲ್ಲಿ ಒಡೆದಿದೆ. ನೀರು ಬಿಡುವ ನೀರುಗಂಟಿಯು ಗ್ರಾಮ ಪಂಚಾಯತಿಯವನು. ಕೊಳವೆಯನ್ನು ಹಾಕಿದ್ದು ಗ್ರಾಮೀಣ ನೀರು ಸರಬರಾಜಿನ ಇಲಾಖೆ. ರೋಗಿಗಳು ಬರುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ; ಅದರ ಮೇಲಿನವರು ಜಿಲ್ಲಾ ಆರೋಗ್ಯಾಧಿಕಾರಿಗಳು. ಕಾಯಿಲೆ ಬಲವಾದರೆ ಸಾಗಿಸುವುದು ದೊಡ್ಡ ಆಸ್ಪತ್ರೆಗೆ; ಹಲವು ಜಿಲ್ಲೆಗಳಲ್ಲಿ ಅದು ವೈದ್ಯಕೀಯ ಶಿಕ್ಷಣ ಇಲಾಖೆಯ ಕೈಕೆಳಗಿದೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಲೋಪವಿಲ್ಲದೆ ಮಾಡಿದರೂ ಕೊಳವೆ ಒಡೆದೇ ಇರಬಹುದು. ಲಂಡನ್ನಿನ ಪಂಪಿನ ಹಿಡಿ ಒಬ್ಬರ ಕೈಯಲ್ಲಾದರೂ ಇದ್ದಿತು. ಇಲ್ಲಿ ಅದು ನಾಲ್ಕು ಕೈಗಳಲ್ಲಿದೆ. ೨೦೨೦ರಲ್ಲಿ ಕೋವಿಡ್ ಬಂದಾಗ ರಾಜ್ಯವು ಹೊಸದಾಗಿ ಸಾಂಕ್ರಾಮಿಕ ರೋಗಗಳ ಕಾನೂನನ್ನು ಮಾಡಿತು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳ ನೇತೃತ್ವದಲ್ಲಿ ಇಲಾಖೆಗಳೆಲ್ಲ ಒಂದಾಗಿ ದುಡಿದುವು. ಮಾರಿ ಬಂದಾಗ ಕೂಡುವ ಕೈಗಳು ಮಾರಿ ಹೋದಮೇಲೆ ಮತ್ತೆ ಬೇರೆಬೇರೆಯಾಗುವುದು ನಮ್ಮ ಹಳೆಯ ಅಭ್ಯಾಸ.

ಇದು ತಪ್ಪಿಸಲಾಗದ ವಿಧಿಯೇನೂ ಅಲ್ಲ. ೧೯೯೪ರಲ್ಲಿ ಗುಜರಾತಿನ ಸೂರತ್ ನಗರದಲ್ಲಿ ಪ್ಲೇಗಿನ ಭೀತಿಯಿಂದ ಲಕ್ಷಾಂತರ ಜನರು ಊರುಬಿಟ್ಟು ಓಡಿದರು. ಮರುವರ್ಷ ಅಲ್ಲಿನ ನಗರಸಭೆಯ ಕಮೀಷನರಾಗಿ ಬಂದ ಎಸ್. ಆರ್. ರಾವ್ ಅವರು ಹೊಸ ಶಾಸ್ತ್ರವನ್ನೇನೂ ತರಲಿಲ್ಲ. ನಗರದ ಆರು ವಲಯಗಳಿಗೆ ಒಬ್ಬೊಬ್ಬ ಅಧಿಕಾರಿಯನ್ನು ಗೊತ್ತುಮಾಡಿ, ಹಣ ಖರ್ಚುಮಾಡುವ ಮತ್ತು ತೀರ್ಮಾನಿಸುವ ಅಧಿಕಾರವನ್ನು ಅವರಿಗೇ ಕೊಟ್ಟರು. ತಾವೂ ಹಿರಿಯ ಅಧಿಕಾರಿಗಳೂ ದಿನವೂ ಗಲ್ಲಿಗಳಲ್ಲಿ ತಿರುಗಿ ನೋಡಿದರು. ಹೊಲಸಿಗೆ ಹೆಸರಾಗಿದ್ದ ಊರು ಕೆಲವೇ ಕಾಲದಲ್ಲಿ ಚೊಕ್ಕಟಕ್ಕೆ ಹೆಸರಾಯಿತು. ಪ್ರತಿಯೊಂದು ಬೀದಿಗೂ ಉತ್ತರ ಹೇಳಬೇಕಾದ ಒಬ್ಬ ಮನುಷ್ಯನಿದ್ದನೆಂಬುದೇ ಅಲ್ಲಿ ಆದ ಬದಲಾವಣೆಯ ತಿರುಳು.

ಶಾಖೆಗಳು ಒಂದಾಗಿರಲಿ, ಎರಡಾಗಿರಲಿ, ಜಿಲ್ಲೆಗೆ ಒಬ್ಬರಾದರೂ ಆರೋಗ್ಯವಂತರ ಆರೋಗ್ಯಕ್ಕೆ ಹೊಣೆಯಾಗಿರಬೇಕು. ಅವರ ದಿನವನ್ನು ರೋಗಿಗಳ ಸಾಲು ನುಂಗಬಾರದು. ಅವರ ಮಾತು ನೀರಿಗೂ ಚರಂಡಿಗೂ ನಾಲೆಗೂ ತಲುಪಬೇಕು. ಅವರು ಜನರನ್ನು ಜೊತೆಗೂಡಿಸಿಕೊಂಡು ನಡೆಯಬೇಕು. ಇದಕ್ಕೆ ನಮ್ಮ ಪಾಲಿನ ಕೆಲಸವೂ ಒಂದುಂಟು. ಗ್ರಾಮಸಭೆಗಳು ಸೇರುತ್ತವೆ, ೨೦೦೫ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಿಂದಾಗಿ ಗ್ರಾಮ ಆರೋಗ್ಯ ಸಮಿತಿಗಳೂ ಏರ್ಪಟ್ಟಿವೆ. ಅಲ್ಲಿ ನಾವು ವೈದ್ಯರಿಲ್ಲ, ಔಷಧವಿಲ್ಲ ಎಂದು ಕೇಳುತ್ತೇವೆ, ಕೇಳಲೇಬೇಕು. ಅದರೊಂದಿಗೆ, ಈ ತಿಂಗಳು ನೀರನ್ನು ಪರೀಕ್ಷಿಸಿದವರು ಯಾರು, ಫಲವೇನು, ಒಡೆದ ಕೊಳವೆಯನ್ನು ಯಾವ ದಿನ ಸರಿಪಡಿಸಿದಿರಿ ಎಂದೂ ಕೇಳುವ ಅಭ್ಯಾಸ ಬೆಳೆಯಬೇಕು. ಆ ಪ್ರಶ್ನೆಯನ್ನು ಪ್ರತಿ ತಿಂಗಳೂ ಎದುರಿಸುವ ಅಧಿಕಾರಿಯು ಉತ್ತರವನ್ನು ಸಿದ್ಧಮಾಡಿಕೊಂಡೇ ಬರುವನು. ಉತ್ತರವನ್ನು ಸಿದ್ಧಮಾಡಿಕೊಳ್ಳುವುದಕ್ಕಾಗಿಯಾದರೂ ಒಮ್ಮೆ ಕೊಳವೆಯ ಬಳಿಗೆ ಹೋಗಿಬರುವನು.