ಬದನೆಯ ಊರು ಬರೆದಿದೆಯೇ?

ಬನಶಂಕರಿ ಎರಡನೇ ಹಂತದ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಕುಲಾಂತರಿ ಬಿಟಿ ಬದನೆಗಾಗಿ ಕುಡಚಿ, ಮಾಲಾಪುರ, ಉಡುಪಿಯ ನಾಟಿ ತಳಿಗಳನ್ನು 2002ರ ಜೀವವೈವಿಧ್ಯ ಕಾಯ್ದೆಯಡಿ ಅನುಮತಿ ಪಡೆಯದೆ ಬಳಸಲಾಗಿದೆ ಎಂಬುದು ಬೀಜ ಕಂಪನಿ ಮಹಿಕೊ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತಿತರರ ಮೇಲಿನ ಆರೋಪ. ಅವರು ಒಪ್ಪಲಿಲ್ಲ, ವಿಷಯ ನ್ಯಾಯಾಲಯಕ್ಕೂ ಹೋಯಿತು. ನನ್ನ ದೃಷ್ಟಿಯಲ್ಲಿ ಆ ದೂರಿಗೆ ಬಲ ಕೊಟ್ಟದ್ದು ಒಂದೇ ಸಂಗತಿ: ತಳಿಗಳ ಜೊತೆ ಊರಿನ ಹೆಸರು ಉಳಿದಿತ್ತು.

ಈಗ ತಳಿಯನ್ನು ಬಳಸಲು ಬೀಜವೇ ಬೇಕೆಂದಿಲ್ಲ, ಅದರ ಡಿಎನ್‌ಎ ಅಕ್ಷರಗಳು ಅಂತರ್ಜಾಲದಲ್ಲಿ ಸಿಕ್ಕರೆ ಸಾಕು. ಹಾಗಾಗಿಯೇ ಮೊದಲ ತಪ್ಪು ಕಲ್ಪನೆ: 'ಉಚಿತವಾಗಿ ಸಿಗುವ ಮಾಹಿತಿಗೆ ವಾರಸುದಾರರಿಲ್ಲ.' ನೋಡಲು ಎಲ್ಲರಿಗೂ ಅವಕಾಶವಿದೆ, ನಿಜ. ಆದರೆ ಅದರಿಂದ ಲಾಭ ಮಾಡಿದವರಿಗೆ ಹೊಣೆ ಇಲ್ಲವೆಂದಲ್ಲ. ಭಾರತದ 2025ರ ನಿಯಮಾವಳಿ ಇಂಥ ಡಿಜಿಟಲ್ ಮಾಹಿತಿಯನ್ನೂ ಲಾಭ ಹಂಚಿಕೆಯ ವ್ಯಾಪ್ತಿಗೆ ತಂದಿದೆ.

ಎರಡನೆಯದು, 'ಮೆಟಾಡೇಟಾ ಬರೀ ಅರ್ಜಿ ತುಂಬುವ ಕೆಲಸ.' ಎಲ್ಲಿ, ಯಾವಾಗ ಸಂಗ್ರಹಿಸಿದ್ದು ಎಂಬ ವಿವರವಿಲ್ಲದಿದ್ದರೆ ಋಣ ಯಾರದೆಂದು ಹೇಳಲು ದಾರಿಯೇ ಇಲ್ಲ. ಅಮೆರಿಕದ ಡಿಎನ್‌ಎ ದತ್ತಸಂಗ್ರಹ ಜೆನ್‌ಬ್ಯಾಂಕ್ ಮತ್ತು ಅದರ ಯುರೋಪ್, ಜಪಾನಿನ ಜೊತೆಗಾರ ಸಂಗ್ರಹಗಳು ಹೊಸ ದಾಖಲೆಗಳಿಗೆ ದೇಶ ಮತ್ತು ದಿನಾಂಕವನ್ನು ಕಡ್ಡಾಯ ಮಾಡಲು ತೊಡಗಿದ್ದು 2023ರಿಂದ. ಹಳೆಯ ಎಷ್ಟೋ ದಾಖಲೆಗಳಲ್ಲಿ ಆ ಜಾಗ ಖಾಲಿ. ದೇಶ ಬರೆದರೂ ಊರು ಬರೆಯುವುದು ಐಚ್ಛಿಕ. 'ಭಾರತ' ಎಂದಷ್ಟೇ ಬರೆದರೆ ಉಡುಪಿಯ ಮಟ್ಟುವಿನಲ್ಲಿ ಗುಳ್ಳ ಬದನೆಯ ಬೀಜ ಕಾಪಾಡಿದ ರೈತ ಕಾಣುವುದಿಲ್ಲ.

ಹಾಗಂತ ಊರು ಬರೆದ ಕೂಡಲೇ ರೈತನ ಖಾತೆಗೆ ಹಣ ಬೀಳುವುದಿಲ್ಲ. 2024ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ದೇಶಗಳು ಇಂಥ ಡಿಜಿಟಲ್ ಮಾಹಿತಿಯ ಲಾಭ ಹಂಚಲು ಒಪ್ಪಿದ ನಿಧಿಗೆ ಔಷಧ, ಬೀಜ, ಸೌಂದರ್ಯವರ್ಧಕಗಳ ದೊಡ್ಡ ಕಂಪನಿಗಳು ಲಾಭದ ಶೇ 1 ಅಥವಾ ಆದಾಯದ ಶೇ 0.1ರಷ್ಟು ಕೊಡಬೇಕೆಂಬ ನಿರೀಕ್ಷೆಯಿದೆ, ಒತ್ತಾಯವಿಲ್ಲ. ಅರ್ಧದಷ್ಟಾದರೂ ಮೂಲನಿವಾಸಿ ಮತ್ತು ಸ್ಥಳೀಯ ಸಮುದಾಯಗಳಿಗೆ ಸಲ್ಲಬೇಕೆಂಬ ಆಶಯ ಒಳ್ಳೆಯದೇ, ಆದರೆ ಐಚ್ಛಿಕ ಹಣವನ್ನು ನೆಚ್ಚಿಕೊಳ್ಳುವುದು ಕಷ್ಟ.



'ಇದೆಲ್ಲ ಸಂಶೋಧನೆಗೆ ಅಡ್ಡಿ' ಎನ್ನುವವರು ಗಮನಿಸಬೇಕು: ಸಾರ್ವಜನಿಕ ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯಗಳಿಂದ ಕಾಲಿ ನಿಧಿ ಹಣ ನಿರೀಕ್ಷಿಸುವುದಿಲ್ಲ. ಊರು ಬರೆಯುವುದಕ್ಕೂ ಮಿತಿಯಿದೆ: ಕಳ್ಳಸಾಗಣೆಯ ಭಯವಿರುವ ಆರ್ಕಿಡ್‌ಗಳ ನಿಖರ ಜಾಗ ಮುಚ್ಚಿಡುವುದು ಸರಿ. ಹೊಲದ ಬದನೆಗೆ ಆ ಭಯವಿಲ್ಲ. ಅದರ ತಾಲ್ಲೂಕು, ಊರು, ತಳಿಯ ಹೆಸರು ಮೂರನ್ನೂ ಬರೆಯಬೇಕು.